ಸರ್ವರ್ ಹೇಳಿದ್ದನ್ನು ಹಾಗೇ ಹೇಳಿ

ಮೈಸೂರಿನಲ್ಲಿ ಒಂದು ಸಂಜೆ ಕಾಲೇಜು ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಆಡಿದ ಮಾತು ಇದು. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.

"ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ. ಯಾರಾದ್ರೂ ಹೆಲ್ಪ್ ಮಾಡಿ ಸರ್, ಅರ್ಜೆಂಟ್."

ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ರಾತ್ರಿ ಹನ್ನೊಂದರ ಮೇಲೆ ಜಾಸ್ತಿ ಬರುತ್ತದೆ. ಬರೆದವರ ಕಷ್ಟ ನಿಜವಾದದ್ದೇ. ಬೆಳಿಗ್ಗೆ ಪ್ರಾಜೆಕ್ಟ್ ತೋರಿಸಬೇಕಿರುತ್ತದೆ, ಇಲ್ಲವೇ ಅಂಗಡಿಯವರು ಫೋನ್ ಮೇಲೆ ಫೋನ್ ಮಾಡಿ ಬಿಲ್ ಬರ್ತಿಲ್ಲ ಅಂತ ಹೇಳುತ್ತಿರುತ್ತಾರೆ. ಆದರೆ ಆ ಸಾಲಿನ ಕೆಳಗೆ ಐದು ನಿಮಿಷ ಆದರೂ ಉತ್ತರ ಬರುವುದಿಲ್ಲ. ಹತ್ತು ನಿಮಿಷ ಆದರೂ ಇಲ್ಲ. ಆಮೇಲೆ ಅವರೇ "ಯಾರೂ ಇಲ್ವಾ?" ಅಂತ ಕೇಳುತ್ತಾರೆ. ಜನ ಇರುತ್ತಾರೆ. ಕೆಲವು ಕಡೆ ನೂರಾರು ಜನ ಇರುತ್ತಾರೆ. ಆ ಸಾಲು ಓದಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ, ಅಷ್ಟೇ. ಯಾವ ಡೇಟಾಬೇಸು? ಎಲ್ಲಿಂದ ಎಲ್ಲಿಗೆ ಕನೆಕ್ಟ್ ಮಾಡುತ್ತಿದ್ದೀರಿ? ಪರದೆ ಮೇಲೆ ಏನು ಬಂತು?

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಷಯ. ಚಾಟ್‌ನಲ್ಲಿ ನಿಮಗೆ ಸಹಾಯ ಮಾಡಲು ಕೂತಿರುವವರಿಗೆ ನಿಮ್ಮ ಮೆಷಿನ್ ಕಾಣುವುದಿಲ್ಲ. ನೀವು ಬರೆದಷ್ಟೇ ಅವರಿಗೆ ಕಾಣುವುದು. ಹಾಗಾಗಿ ಮೊದಲು ಸರ್ವರನ್ನು, ಅಂದರೆ ನಿಮ್ಮ ಡೇಟಾಬೇಸನ್ನು ನಡೆಸುತ್ತಿರುವ ಪ್ರೋಗ್ರಾಮನ್ನು ಕೇಳಿ, ಅದು ಹೇಳಿದ್ದನ್ನು ಒಂದಕ್ಷರ ಬದಲಾಯಿಸದೆ ತಂದು ಜನರ ಮುಂದಿಡಿ. ನಿಮ್ಮ ಊಹೆ ಆಮೇಲೆ ಬರಲಿ.

ಚಾಟ್ ಅಂದಾಗ ನಿಮ್ಮಲ್ಲಿ ಹೆಚ್ಚಿನವರಿಗೆ ಟೆಲಿಗ್ರಾಮ್, ಡಿಸ್ಕಾರ್ಡ್, ಸ್ಲ್ಯಾಕ್ ನೆನಪಾಗುತ್ತದೆ. ನಾನು ಕಲಿತದ್ದು ಐಆರ್‌ಸಿಯಲ್ಲಿ. 1988ರಲ್ಲಿ ಫಿನ್ಲೆಂಡಿನ ಔಲು ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು ಅದು. ಚಿತ್ರ ಇಲ್ಲ, ಲೈಕ್ ಇಲ್ಲ, ಬರೀ ಅಕ್ಷರ. ಇವತ್ತಿಗೂ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಬಗ್ಗೆ ಕೇಳಬೇಕಾದರೆ ಅಲ್ಲೊಂದು ಚಾನೆಲ್ ಇದೆ. ಮೊದಲು ಫ್ರೀನೋಡ್ ಅನ್ನುವ ಐಆರ್‌ಸಿ ಜಾಲದಲ್ಲಿತ್ತು. 2021ರ ಮೇ ತಿಂಗಳಲ್ಲಿ ಫ್ರೀನೋಡ್ ನಡೆಸುತ್ತಿದ್ದ ಸ್ವಯಂಸೇವಕರು ಹೊರಗೆ ಬಂದು ಲಿಬೆರಾ ಚಾಟ್ ಶುರು ಮಾಡಿದಾಗ ಅದೂ ಅಲ್ಲಿಗೆ ಹೋಯಿತು. ಅಲ್ಲಿ ಉತ್ತರ ಕೊಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ಗುರುತು ಪರಿಚಯ ಇಲ್ಲದವರ ಲಾಗ್, ಅಂದರೆ ಸರ್ವರ್ ನಡೆದದ್ದನ್ನು ಬರೆದಿಡುವ ಫೈಲು, ಓದುತ್ತಾರೆ. ನನಗೆ ಇದು ಇಂದಿಗೂ ದೊಡ್ಡ ವಿಷಯವಾಗಿಯೇ ಕಾಣುತ್ತದೆ.

ಈಗ ಆ "ಕನೆಕ್ಟ್ ಆಗ್ತಿಲ್ಲ" ಅನ್ನುವ ಮಾತಿಗೇ ಬರೋಣ. ಅದು ಒಂದು ಸಮಸ್ಯೆಯಲ್ಲ, ಕಡಿಮೆ ಅಂದರೆ ಐದು ಸಮಸ್ಯೆ. ಪೋಸ್ಟ್‌ಗ್ರೆಸ್ ಉದಾಹರಣೆ ತೆಗೆದುಕೊಳ್ಳುತ್ತೇನೆ. ನೀವು ಹೊಸ ಊರಿನಲ್ಲಿ ಯಾರದೋ ಮನೆಗೆ ಹೋಗುತ್ತಿದ್ದೀರಿ ಅಂದುಕೊಳ್ಳಿ. ದಾರಿಯನ್ನೇ ಯಾರೋ ಮುಚ್ಚಿದ್ದಾರೆ, ಎಷ್ಟು ಹೊತ್ತು ಕಾದರೂ ಏನೂ ಆಗುವುದಿಲ್ಲ. ಅದು "ಟೈಮ್ ಔಟ್". ಹೆಚ್ಚಿನ ಸಲ ನಡುವೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ನೋಡುವ ಫೈರ್‌ವಾಲ್ ಕೂತಿರುತ್ತದೆ, ಕ್ಲೌಡ್ ಆದರೆ ಅದೇ ಕೆಲಸ ಮಾಡುವ ಅಲ್ಲಿನ ಸೆಕ್ಯುರಿಟಿ ಗ್ರೂಪ್. ಇನ್ನೊಂದು ಸಲ ಮನೆ ತನಕ ಹೋದಿರಿ, ಆದರೆ ಆ ನಂಬರಿನ ಬಾಗಿಲಲ್ಲಿ ಯಾರೂ ಇಲ್ಲ. ಅದು "ಕನೆಕ್ಷನ್ ರೆಫ್ಯೂಸ್ಡ್". ಸರ್ವರ್ ಓಡುತ್ತಿಲ್ಲ, ಅಥವಾ ಬೇರೆ ಪೋರ್ಟಿನಲ್ಲಿದೆ (ಆ ಬಾಗಿಲಿನ ನಂಬರೇ ಪೋರ್ಟ್), ಅಥವಾ ಹೊರಗಿನವರ ಮಾತು ಕೇಳಿಸಿಕೊಳ್ಳುತ್ತಿಲ್ಲ. ಪೋಸ್ಟ್‌ಗ್ರೆಸ್‌ನ ಪೋರ್ಟ್ 5432, ಮತ್ತು ಅದರಲ್ಲಿ ಲಿಸನ್ ಅಡ್ರೆಸೆಸ್ ಅನ್ನುವ ಸೆಟ್ಟಿಂಗ್ ಮೊದಲಿಗೆ ಬರೀ ಲೋಕಲ್‌ಹೋಸ್ಟ್ ಅಂತ ಇರುತ್ತದೆ, ಅಂದರೆ ಅದೇ ಮೆಷಿನ್ನಿನಿಂದ ಬಂದವರಿಗೆ ಮಾತ್ರ ಉತ್ತರ.

ಮೂರನೆಯದು ನೋಡಿ. "ನೋ ಪಿಜಿ ಎಚ್‌ಬಿಎ ಕಾನ್ಫ್ ಎಂಟ್ರಿ ಫಾರ್ ಹೋಸ್ಟ್" ಅಂತ ಬರುತ್ತದೆ. ಇದು ಬಂದರೆ ಎಷ್ಟೋ ಜನ ಹೋಗಿ ಫೈರ್‌ವಾಲ್ ಆಫ್ ಮಾಡುತ್ತಾರೆ. ಬೇಡ! ಇದು ಒಂದು ಲೆಕ್ಕದಲ್ಲಿ ಒಳ್ಳೆಯ ಸುದ್ದಿ. ನೀವು ಪೋಸ್ಟ್‌ಗ್ರೆಸ್ ತನಕ ತಲುಪಿದ್ದೀರಿ, ಅದೇ ಬಾಗಿಲಿಗೆ ಬಂದು ನಿಮ್ಮ ಹೆಸರು ತನ್ನ ಪಟ್ಟಿಯಲ್ಲಿಲ್ಲ ಅಂತ ಹೇಳುತ್ತಿದೆ. ಆ ಪಟ್ಟಿಯೇ ಪಿಜಿ ಎಚ್‌ಬಿಎ ಫೈಲು. ಅದನ್ನು ಮೇಲಿಂದ ಕೆಳಗೆ ಓದುತ್ತದೆ, ಹೊಂದುವ ಮೊದಲ ಸಾಲು ಸಿಕ್ಕಿದ ಕೂಡಲೇ ಅಲ್ಲೇ ನಿಲ್ಲುತ್ತದೆ. ಮೊದಲ ಸಾಲಿನಲ್ಲಿ ಸೋತರೆ ಮುಂದಿನ ಸಾಲು ನೋಡೋಣ ಅನ್ನುವುದು ಅದಕ್ಕಿಲ್ಲ. ಆದ್ದರಿಂದ ನೀವು ಫೈಲಿನ ಕೊನೆಗೆ ಹೊಸ ಸಾಲು ಸೇರಿಸಿ, ಮೇಲೆ ಮೊದಲೇ ಹೊಂದುವ ಸಾಲೊಂದಿದ್ದರೆ, ನಿಮ್ಮ ಸಾಲನ್ನು ಅದು ಓದುವುದೇ ಇಲ್ಲ.

"ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್" ಅಂದರೆ ಪಟ್ಟಿಯಲ್ಲಿ ಹೆಸರಿದೆ, ಗುರುತು ಸಾಲಲಿಲ್ಲ. ಇದರಲ್ಲೊಂದು ಸೂಕ್ಷ್ಮ ಇದೆ. ಆ ಹೆಸರಿನ ಬಳಕೆದಾರರೇ ಇಲ್ಲದಿದ್ದರೂ ಪೋಸ್ಟ್‌ಗ್ರೆಸ್ ಇದೇ ಮಾತು ಹೇಳುತ್ತದೆ. ಹೊರಗಿನವರಿಗೆ ಯಾವ ಹೆಸರಿದೆ, ಯಾವುದಿಲ್ಲ ಅಂತ ಗೊತ್ತಾಗಬಾರದು ಅಲ್ವಾ. ನಿಜವಾದ ಕಾರಣವನ್ನು ಅದು ತನ್ನ ಲಾಗ್‌ನಲ್ಲಿ ಬರೆದಿಡುತ್ತದೆ. ಪಿಜಿ ಎಚ್‌ಬಿಎ ಫೈಲಿನ ಎಷ್ಟನೇ ಸಾಲು ಹೊಂದಿತು ಅನ್ನುವುದನ್ನೂ ಅಲ್ಲೇ ಬರೆಯುತ್ತದೆ. ಉಬುಂಟು ಅನ್ನುವ ಲಿನಕ್ಸಿನಲ್ಲಿ ವಾರ್ ಲಾಗ್ ಫೋಲ್ಡರ್ ಒಳಗೆ ಪೋಸ್ಟ್‌ಗ್ರೆಸ್ಕ್ಯುಎಲ್ ಅಂತ ಇರುತ್ತದೆ, ತೆಗೆದು ಕೊನೆಯ ಇಪ್ಪತ್ತು ಸಾಲು ಓದಿ. ಚಾಟ್‌ನಲ್ಲಿ ಅರ್ಧ ಗಂಟೆ ಹಿಡಿಯುವ ಮಾತು ಆ ಇಪ್ಪತ್ತು ಸಾಲಿನಲ್ಲಿ ಮುಗಿದಿರುತ್ತದೆ.

ಐದನೆಯದು "ಡೇಟಾಬೇಸ್ ಡಸ್ ನಾಟ್ ಎಗ್ಸಿಸ್ಟ್". ಅಲ್ಲಿಗೆ ನೀವು ಒಳಗೇ ಬಂದುಬಿಟ್ಟಿದ್ದೀರಿ.

ನೋಡಿ, ಐದು ಬೇರೆ ಬೇರೆ ಜಾಗ, ಐದು ಬೇರೆ ಬೇರೆ ಔಷಧ. ಐದನ್ನೂ ಸೇರಿಸಿ "ಕನೆಕ್ಟ್ ಆಗ್ತಿಲ್ಲ" ಅಂದಾಗ ನಿಮ್ಮ ಹತ್ತಿರ ಇದ್ದ ಸುಳಿವನ್ನು ನೀವೇ ಅಳಿಸಿದ ಹಾಗಾಗುತ್ತದೆ. ಎರರ್ ಮೆಸೇಜನ್ನು ಕಾಪಿ ಮಾಡಿ ಹಾಕಿ. ಫೋನಿನಲ್ಲಿ ಪರದೆಯ ಫೋಟೋ ಹೊಡೆದು ಹಾಕಬೇಡಿ. ಅದರಲ್ಲಿ ಅರ್ಧ ಸಾಲು ಬೆಳಕು ಹೊಡೆದು ಕಾಣುವುದಿಲ್ಲ, ಮತ್ತೆ ಹುಡುಕೋಣ ಅಂದರೆ ಕಾಪಿ ಮಾಡಲೂ ಆಗುವುದಿಲ್ಲ. ಉದ್ದ ಇದ್ದರೆ ಪೇಸ್ಟ್ ಮಾಡುವ ತಾಣದಲ್ಲಿ ಹಾಕಿ ಕೊಂಡಿ ಕೊಡಿ. ಹಾಕುವ ಮೊದಲು ಪಾಸ್‌ವರ್ಡ್ ತೆಗೆಯಿರಿ. ಅಕಸ್ಮಾತ್ ಹಾಕಿಯೇಬಿಟ್ಟರೆ ಮೆಸೇಜ್ ಡಿಲೀಟ್ ಮಾಡಿ ಸುಮ್ಮನಾಗಬೇಡಿ, ಪಾಸ್‌ವರ್ಡನ್ನೇ ಬದಲಾಯಿಸಿ.

ಇನ್ನು ನಾನು ಅತಿ ಹೆಚ್ಚು ಕಂಡಿರುವ ವಿಷಯ. "ಸರ್, ನೀವು ಹೇಳಿದ ಹಾಗೆ ಫೈಲ್ ಬದಲಾಯಿಸಿದೆ, ಏನೂ ಆಗ್ಲಿಲ್ಲ." ಆಗ ನಾನು ಕೇಳುವ ಪ್ರಶ್ನೆ ಒಂದೇ. ನೀವು ಬದಲಾಯಿಸಿದ ಫೈಲನ್ನೇ ಸರ್ವರ್ ಓದುತ್ತಿದೆ ಅಂತ ಹೇಗೆ ಗೊತ್ತು?

ಉಬುಂಟು 22.04 ಜೊತೆ ಪೋಸ್ಟ್‌ಗ್ರೆಸ್ 14 ಬರುತ್ತದೆ, 24.04 ಜೊತೆ 16. ಮೆಷಿನ್ ಅಪ್‌ಗ್ರೇಡ್ ಮಾಡಿದಾಗ ಹಳೆಯದು ಹೋಗುವುದಿಲ್ಲ. ಹಳೆಯದರಲ್ಲಿ ನಿಮ್ಮ ಡೇಟಾ ಇರುತ್ತದಲ್ಲ, ಅದನ್ನು ಹಾಗೆ ತೆಗೆದುಹಾಕುವುದು ಸರಿಯೂ ಅಲ್ಲ. ಹೊಸದು ಪಕ್ಕದಲ್ಲಿ ಬಂದು 5433ರಲ್ಲಿ ಕೂರುತ್ತದೆ. ನೀವು 16ರ ಫೋಲ್ಡರಿನ ಫೈಲನ್ನು ತಿದ್ದುತ್ತೀರಿ, 5432ಕ್ಕೆ ಕನೆಕ್ಟ್ ಮಾಡುತ್ತೀರಿ, ಅಲ್ಲಿ ಕೂತಿರುವುದು 14. ರಾತ್ರಿಯಿಡೀ ತಿದ್ದಿದರೂ ಏನೂ ಬದಲಾಗುವುದಿಲ್ಲ. ಪಿಜಿ ಎಲ್‌ಎಸ್ ಕ್ಲಸ್ಟರ್ಸ್ ಅಂತ ಒಂದು ಕಮಾಂಡ್ ಇದೆ, ಎರಡೂ ಸಾಲಾಗಿ ಪೋರ್ಟ್ ಸಮೇತ ಕಾಣುತ್ತವೆ. ಒಳಗೆ ಹೋಗಲು ಆಗುತ್ತಿದ್ದರೆ ಇನ್ನೂ ಸುಲಭ. ಶೋ ಕಾನ್ಫಿಗ್ ಫೈಲ್ ಅಂತ ಕೇಳಿ, ಶೋ ಎಚ್‌ಬಿಎ ಫೈಲ್ ಅಂತ ಕೇಳಿ, ತಾನು ಯಾವ ಫೈಲ್ ಓದುತ್ತಿದ್ದೇನೆ ಅಂತ ಸರ್ವರ್ ಪೂರ್ತಿ ದಾರಿ ಸಮೇತ ಹೇಳುತ್ತದೆ. ಪಿಜಿ ಸೆಟ್ಟಿಂಗ್ಸ್ ಅನ್ನುವ ಟೇಬಲಿನಂಥದ್ದರಲ್ಲಿ ಒಂದೊಂದು ಸೆಟ್ಟಿಂಗ್ ಯಾವ ಫೈಲಿನ ಎಷ್ಟನೇ ಸಾಲಿನಿಂದ ಬಂತು, ರೀಸ್ಟಾರ್ಟ್‌ಗೆ ಕಾಯುತ್ತಿದೆಯೇ ಅನ್ನುವುದೂ ಇದೆ. ಯಾರೋ ಹಿಂದೆ ಆಲ್ಟರ್ ಸಿಸ್ಟಮ್ ಅನ್ನುವ ಕಮಾಂಡ್ ಕೊಟ್ಟು ಸೆಟ್ಟಿಂಗ್ ಬದಲಾಯಿಸಿದ್ದರೆ ಅದು ಪೋಸ್ಟ್‌ಗ್ರೆಸ್ಕ್ಯುಎಲ್ ಆಟೋ ಕಾನ್ಫ್ ಅನ್ನುವ ಬೇರೆ ಫೈಲಿಗೆ ಹೋಗಿರುತ್ತದೆ, ಆಗ ನಿಮ್ಮ ಫೈಲಿಗಿಂತ ಅದರ ಮಾತೇ ಮೇಲು. ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಸರ್ವರನ್ನೇ ಕೇಳಬಹುದು ಅನ್ನುವುದೊಂದು ನೆನಪಿದ್ದರೆ ಸಾಕು.

ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್ ಬಂದ ಮೇಲೆ ಇದೇ ಕಥೆ ಬೇರೆ ರೂಪದಲ್ಲಿ ಬರುತ್ತಿದೆ. ಕಂಟೇನರುಗಳ ವಿವರ ಬರೆದಿರುವ ಕಂಪೋಸ್ ಫೈಲಿನಲ್ಲಿ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಬದಲಾಯಿಸಿದೆ, ಕಂಟೇನರ್ ಮತ್ತೆ ಏರಿಸಿದೆ, ಆದರೂ ಹಳೆಯ ಪಾಸ್‌ವರ್ಡೇ ಕೇಳುತ್ತಿದೆ ಅಂತಾರೆ. ಆ ಪಾಸ್‌ವರ್ಡ್ ಸಾಲಿಗೆ ಕೆಲಸ ಇರುವುದು ಮೊದಲ ಸಲ ಮಾತ್ರ, ಅಂದರೆ ಡೇಟಾ ಫೋಲ್ಡರ್ ಖಾಲಿ ಇದ್ದಾಗ. ಡೇಟಾ ಉಳಿಸಿಡುವ ಜಾಗವಾದ ವಾಲ್ಯೂಮಿನಲ್ಲಿ ಮೊದಲೇ ಡೇಟಾ ಇದ್ದರೆ ಅದನ್ನು ನೋಡುವುದೇ ಇಲ್ಲ. ಒಳಗೆ ಹೋಗಿ ಆಲ್ಟರ್ ರೋಲ್ ಅನ್ನುವ ಕಮಾಂಡ್ ಕೊಟ್ಟು ಬದಲಾಯಿಸಬೇಕು. ಚಾಟ್‌ನಲ್ಲಿ ಯಾರಾದರೂ ವಾಲ್ಯೂಮ್ ಡಿಲೀಟ್ ಮಾಡಿ ಸರಿಹೋಗುತ್ತೆ ಅಂದರೆ, ಹೌದು, ಸರಿಹೋಗುತ್ತದೆ, ಡೇಟಾನೂ ಹೋಗುತ್ತದೆ. ಇನ್ನೊಂದು, ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಆ್ಯಪ್ ಒಂದು ಕಂಟೇನರಿನಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇದ್ದರೆ ಕಂಪೋಸ್ ಫೈಲಿನಲ್ಲಿ ಡೇಟಾಬೇಸಿಗೆ ಕೊಟ್ಟ ಸರ್ವಿಸಿನ ಹೆಸರು ಕೊಡಬೇಕು.

ಮೈಎಸ್‌ಕ್ಯುಎಲ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲೂ ಇಂಥವು ಬೇಕಾದಷ್ಟಿವೆ. ಲೋಕಲ್‌ಹೋಸ್ಟ್ ಅಂದರೆ ಅದು ಸಾಕೆಟ್ ಫೈಲಿನ ಮೂಲಕ ಹೋಗುತ್ತದೆ, 127.0.0.1 ಅಂದರೆ 3306 ಪೋರ್ಟಿನ ಮೂಲಕ. ಎರಡೂ ಒಂದೇ ಅಂದುಕೊಂಡು ತಲೆ ಕೆಡಿಸಿಕೊಳ್ಳುವವರು ತುಂಬಾ ಜನ. ಅದನ್ನು ಇಷ್ಟಕ್ಕೇ ಬಿಟ್ಟು, ಕನ್ನಡದವರಾದ ನಮಗೇ ಸೇರಿದ ಒಂದು ಸಮಸ್ಯೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೊರದೇಶದ ಚಾಟ್‌ಗಳಲ್ಲಿ ಇದನ್ನು ನಾವೇ ಸರಿಯಾಗಿ ವಿವರಿಸಬೇಕಾಗುತ್ತದೆ.

"ಕನ್ನಡ ಬರ್ತಿಲ್ಲ ಸರ್, ಏನೇನೋ ಬರ್ತಿದೆ." ಈ ಏನೇನೋ ಅನ್ನುವುದರಲ್ಲೇ ಎಲ್ಲಾ ಇದೆ. ಎರಡು ಬಗೆ ಇದೆ. ಒಂದರಲ್ಲಿ ಬರೀ ಪ್ರಶ್ನೆ ಚಿಹ್ನೆಗಳು, ಸಾಲುಗಟ್ಟಿ. ಇನ್ನೊಂದರಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ 'ಎ' ಅಕ್ಷರ, ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ ಎರಡು, ಹೀಗೆ ಅರ್ಥವಿಲ್ಲದ ಗುರುತುಗಳು. ಎರಡನೆಯದು ಬಂದರೆ ಸಮಾಧಾನ ಮಾಡಿಕೊಳ್ಳಿ, ಹೆಚ್ಚಿನ ಸಲ ಡೇಟಾ ಉಳಿದಿರುತ್ತದೆ, ಓದುವಾಗಲೋ ಬರೆಯುವಾಗಲೋ ತಪ್ಪಾಗಿ ಅರ್ಥ ಮಾಡಿಕೊಂಡಿದೆ ಅಷ್ಟೇ. ಪ್ರಶ್ನೆ ಚಿಹ್ನೆಗಳು ಬಂದರೆ ಮಾತ್ರ ಹುಷಾರು. ತೋರಿಸುವಾಗ ಮಾತ್ರ ಹಾಗಾಗುತ್ತಿದೆಯೋ, ಒಳಗೇ ಹಾಗಾಗಿದೆಯೋ ನೋಡಬೇಕು. ನೋಡುವುದು ಹೇಗೆ? ಆ ಕಾಲಮ್ಮಿಗೆ ಮೈಎಸ್‌ಕ್ಯುಎಲ್‌ನ ಹೆಕ್ಸ್ ಫಂಕ್ಷನ್ ಹಾಕಿ, ಒಳಗಿರುವ ಬೈಟುಗಳನ್ನು ಅದು ಹಾಗೇ ತೋರಿಸುತ್ತದೆ. ಎಲ್ಲಾ ಭಾಷೆಗಳ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟು, ಎಲ್ಲವೂ ಇ0ಬಿ2 ಅಥವಾ ಇ0ಬಿ3 ಅಂತ ಶುರುವಾಗುತ್ತವೆ. ಬರೀ 'ಕ' ಅಂದರೆ ಇ0ಬಿ295. ಹಾಗೆ ಕಂಡರೆ ಒಳಗೆ ಕನ್ನಡ ಚೆನ್ನಾಗಿದೆ, ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ ಸರಿಮಾಡಿ. 3ಎಫ್ 3ಎಫ್ 3ಎಫ್ ಅಂತ ಬಂದರೆ ಅದೇ ಪ್ರಶ್ನೆ ಚಿಹ್ನೆ. ಕನ್ನಡ ಅಲ್ಲಿ ಇಲ್ಲ, ಹೋಯಿತು, ಇನ್ನು ಬ್ಯಾಕಪ್ಪೇ ಗತಿ.

ಇದಾಗುವುದು ಯಾಕೆ ಅಂದರೆ ಮೈಎಸ್‌ಕ್ಯುಎಲ್ 5.7ರ ತನಕ ಡೀಫಾಲ್ಟ್ ಆಗಿ ಲ್ಯಾಟಿನ್1 ಅನ್ನುವ ಕ್ಯಾರೆಕ್ಟರ್ ಸೆಟ್ ಇತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಸ್ಟ್ರಿಕ್ಟ್ ಮೋಡ್ ಇಲ್ಲದ ಹಳೆಯ ಸರ್ವರುಗಳು ಎರರ್ ಕೂಡ ಕೊಡದೆ ಪ್ರಶ್ನೆ ಚಿಹ್ನೆ ಬರೆದು ಸುಮ್ಮನಾಗುತ್ತಿದ್ದವು. ಆಮೇಲೆ ಯುಟಿಎಫ್8 ಅಂತ ಹಾಕಿಕೊಂಡರೂ ಒಂದು ತೊಡಕು. ಮೈಎಸ್‌ಕ್ಯುಎಲ್‌ನ ಆ ಯುಟಿಎಫ್8 ಮೂರೇ ಬೈಟಿನದು. ಕನ್ನಡ ಅದರಲ್ಲಿ ಸರಿಯಾಗಿ ಕೂರುತ್ತದೆ, ಹಾಗಾಗಿ ನಾವು ಟೆಸ್ಟ್ ಮಾಡಿ ಎಲ್ಲಾ ಸರಿಯಿದೆ ಅಂತ ಬಿಡುತ್ತೇವೆ. ಒಂದು ದಿನ ಯಾರೋ ಕನ್ನಡದ ಜೊತೆ ಒಂದು ನಗುವ ಇಮೋಜಿ ಹಾಕುತ್ತಾರೆ, ಅದು ನಾಲ್ಕು ಬೈಟು, ಅಲ್ಲಿಗೆ ಮುಗಿಯಿತು. ಯುಟಿಎಫ್8 ಎಂಬಿ4 ಹಾಕಿಕೊಳ್ಳಿ. 8.0ರಿಂದ ಅದೇ ಡೀಫಾಲ್ಟ್. ಆದರೆ ಹಳೆಯ ಟೇಬಲುಗಳು ತಾವಾಗಿ ಬದಲಾಗುವುದಿಲ್ಲ. ಚಾಟ್‌ನಲ್ಲಿ ಕೇಳುವಾಗ ಶೋ ಕ್ರಿಯೇಟ್ ಟೇಬಲ್ ಕೊಟ್ಟದ್ದನ್ನೂ ಹೆಕ್ಸ್ ಕೊಟ್ಟದ್ದನ್ನೂ ಹಾಕಿ. ಕನ್ನಡದ ಒಂದಕ್ಷರವೂ ಬಾರದ ಜರ್ಮನಿಯವರೊಬ್ಬರು ಆ ಹೆಕ್ಸ್ ನೋಡಿ ನಿಮ್ಮ ಕನ್ನಡ ಉಳಿದಿದೆಯೋ ಇಲ್ಲವೋ ಹೇಳಬಲ್ಲರು.

ಈಗ ಕೆಟ್ಟ ಸಲಹೆಯ ವಿಷಯ. ಚಾಟ್ ಅಂದಮೇಲೆ ಯಾರು ಬೇಕಾದರೂ ಉತ್ತರ ಕೊಡಬಹುದು. "ಪಿಜಿ ಎಚ್‌ಬಿಎಯಲ್ಲಿ 0.0.0.0/0 ಹಾಕಿ ಟ್ರಸ್ಟ್ ಅಂತ ಕೊಡಿ, ತಕ್ಷಣ ಕನೆಕ್ಟ್ ಆಗುತ್ತೆ." ಆಗುತ್ತದೆ, ಸುಳ್ಳಲ್ಲ. ಪಾಸ್‌ವರ್ಡ್ ಇಲ್ಲದೆ ಪ್ರಪಂಚದ ಯಾವ ಮೂಲೆಯಿಂದಾದರೂ ಯಾರಾದರೂ ಬರಬಹುದು ಅಂತ ಬೋರ್ಡ್ ಹಾಕಿದ ಹಾಗೆ. 2017ರ ಜನವರಿಯಲ್ಲಿ ಬಾಗಿಲು ತೆರೆದು ಬಿದ್ದಿದ್ದ ಮೊಂಗೊಡಿಬಿ ಅನ್ನುವ ಡೇಟಾಬೇಸಿನ ಸಾವಿರಾರು ಸರ್ವರುಗಳಿಗೆ ಯಾರೋ ನುಗ್ಗಿ ಡೇಟಾ ಅಳಿಸಿ, ಹಣ ಕೊಡಿ ಅಂತ ಚೀಟಿ ಬರೆದಿಟ್ಟು ಹೋಗಿದ್ದರು. ಅದೇ ವರ್ಷ ಬಂದ 3.6ರಲ್ಲಿ ಮೊಂಗೊಡಿಬಿ ಕೂಡ ಡೀಫಾಲ್ಟ್ ಆಗಿ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳುವಂತೆ ಆಯಿತು. ಇನ್ನೊಂದು ಸಲಹೆ, ಡೇಟಾ ಫೋಲ್ಡರಿಗೆ 777 ಪರ್ಮಿಶನ್, ಅಂದರೆ ಯಾರು ಬೇಕಾದರೂ ಓದಿ ಬರೆಯುವ ಅನುಮತಿ, ಕೊಡಿ ಅನ್ನುವುದು. ಕೊಟ್ಟು ನೋಡಿದರೆ ಪೋಸ್ಟ್‌ಗ್ರೆಸ್ ಏಳುವುದೇ ಇಲ್ಲ, 0700 ಅಥವಾ 0750 ಇರಬೇಕು ಅಂತ ನೇರವಾಗಿ ಹೇಳಿ ನಿಂತುಬಿಡುತ್ತದೆ. ಪರ್ಸನಲ್ ಮೆಸೇಜಿಗೆ ಬಂದು ನಿಮ್ಮ ಮೆಷಿನ್ನಿಗೆ ಲಾಗಿನ್ ಕೊಡಿ, ನಾನೇ ಸರಿಮಾಡ್ತೀನಿ ಅನ್ನುವವರಿಗಂತೂ ಕೊಡಲೇಬೇಡಿ. ಎಲ್ಲರ ಎದುರು ಹೇಳಿದ ಸಲಹೆ ತಪ್ಪಾಗಿದ್ದರೆ ಇನ್ನೊಬ್ಬರು ತಡೆಯುತ್ತಾರೆ. ಒಳಗೆ ಒಬ್ಬರೇ ಹೇಳಿದ್ದನ್ನು ತಡೆಯುವವರಿಲ್ಲ.

ನನ್ನ ಕಣ್ಣೆದುರೇ ನಡೆದದ್ದೊಂದನ್ನು ಹೇಳುತ್ತೇನೆ. ಆಗ ನಾನು ಒಂದು ಸಣ್ಣ ಕಂಪನಿಯಲ್ಲಿದ್ದೆ, ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಒಂದು ಸರ್ವರಿನ ಡಿಸ್ಕ್ ತುಂಬಿ ಪೋಸ್ಟ್‌ಗ್ರೆಸ್ ನಿಂತಿತು. ನನ್ನ ಸಹೋದ್ಯೋಗಿ ಯಾವುದೋ ಗ್ರೂಪಿನಲ್ಲಿ ಕೇಳಿದ. ಡಿಸ್ಕ್ ಫುಲ್, ಏನು ಮಾಡಲಿ? ಹಳೆಯ ಲಾಗ್ ಅಳಿಸಿ ಅಂತ ಯಾರೋ ಅಂದರು. ಹುಡುಕಿದಾಗ ಪಿಜಿ ಎಕ್ಸ್‌ಲಾಗ್ ಅನ್ನುವ ಫೋಲ್ಡರಿನಲ್ಲಿ ಹಲವು ಜಿಬಿ ಕಂಡಿತು. ಹೆಸರಲ್ಲೇ ಲಾಗ್ ಇದೆಯಲ್ಲ, ಅಳಿಸಿದ. ಆದರೆ ಅದು ಓದಿ ಬಿಸಾಡುವ ಲಾಗ್ ಅಲ್ಲ. ಪ್ರತಿ ಬದಲಾವಣೆಯನ್ನೂ ಡೇಟಾ ಫೈಲಿಗೆ ಬರೆಯುವ ಮೊದಲು ಪೋಸ್ಟ್‌ಗ್ರೆಸ್ ಅಲ್ಲಿ ಬರೆದುಕೊಳ್ಳುತ್ತದೆ, ಮತ್ತೆ ಏಳುವಾಗ ಅದನ್ನೇ ಓದಿ ಸರಿಮಾಡಿಕೊಳ್ಳುತ್ತದೆ. ಸರ್ವರ್ ಏಳಲೇ ಇಲ್ಲ.

ಆ ರಾತ್ರಿ ನಾನು ಐಆರ್‌ಸಿಗೆ ಹೋದೆ. ನಡೆದದ್ದನ್ನು ಮುಚ್ಚಿಡದೆ ಬರೆದೆ, ಯಾವ ಫೋಲ್ಡರ್ ಅಳಿಸಿದೆವು, ಲಾಗ್ ಏನು ಹೇಳುತ್ತಿದೆ, ಯಾವ ವರ್ಷನ್. ಒಬ್ಬರು ಕೂಡಲೇ ಬರೆದರು. ಇನ್ನೇನೂ ಮುಟ್ಟಬೇಡಿ, ಮೊದಲು ಇಡೀ ಡೇಟಾ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಮಾತಾಡೋಣ. ಕಾಪಿ ಆಗಲು ಒಂದೂವರೆ ಗಂಟೆ ಹಿಡಿಯಿತು. ಅವರು ಕಾದರು. ಅವರ ಊರಿನಲ್ಲಿ ಆಗ ಎಷ್ಟು ಹೊತ್ತಾಗಿತ್ತೋ ನಾನು ಕೇಳಲಿಲ್ಲ. ಬ್ಯಾಕಪ್ ಇದೆಯಾ ಅಂತ ಕೇಳಿದರು. ಎರಡು ದಿನ ಹಳೆಯದೊಂದಿತ್ತು. ಅದನ್ನೇ ಹಾಕಿ, ಮುರಿದದ್ದರ ಮೇಲೆ ವ್ಯವಹಾರ ನಡೆಸಬೇಡಿ ಅಂದರು. ಎರಡು ದಿನದ ಬಿಲ್ಲುಗಳನ್ನು ಕಾಗದದ ಪ್ರತಿ ನೋಡಿ ನಾವೆಲ್ಲ ಕೂತು ಮತ್ತೆ ಟೈಪ್ ಮಾಡಿದೆವು. ಹೀಗೆ ಅಳಿಸಿಕೊಂಡವರು ನಾವೊಬ್ಬರೇ ಅಲ್ಲ. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಲ್ಲಿ ಆ ಫೋಲ್ಡರಿನ ಹೆಸರನ್ನೇ ಪಿಜಿ ವಾಲ್ ಅಂತ ಬದಲಾಯಿಸಿದರು, ಲಾಗ್ ಅನ್ನುವ ಪದ ನೋಡಿ ಜನ ಅಳಿಸುತ್ತಿದ್ದಾರೆ ಅನ್ನುವ ಕಾರಣಕ್ಕೇ.

ಕೇಳುವವರು ಮಾಡಬೇಕಾದ್ದು ಇನ್ನೂ ಒಂದಿದೆ. ಕೇಳಿ ಐದು ನಿಮಿಷಕ್ಕೆ ಹೋಗಬೇಡಿ. ನಮಗೆ ಬೆಳಿಗ್ಗೆ ಹತ್ತು ಗಂಟೆ ಅಂದರೆ ಲಂಡನ್ನಿನಲ್ಲಿ ಇನ್ನೂ ಬೆಳಗಿನ ಜಾವ, ಅಮೆರಿಕದಲ್ಲಿ ರಾತ್ರಿ. ಐಆರ್‌ಸಿಯಲ್ಲಿ ನೀವು ಕಿಟಕಿ ಮುಚ್ಚಿದರೆ ಆಮೇಲೆ ಬಂದ ಉತ್ತರ ನಿಮಗೆ ಸಿಗುವುದೂ ಇಲ್ಲ. ಸರಿಹೋದರೆ ಹೇಗೆ ಸರಿಹೋಯಿತು ಅಂತ ಎರಡು ಸಾಲು ಬರೆಯಿರಿ. "ಆಯ್ತು, ಥ್ಯಾಂಕ್ಸ್" ಅಂದರೆ ನಿಮ್ಮ ಜೊತೆ ಯೋಚಿಸುತ್ತಿದ್ದವರಿಗೆ ತಮ್ಮ ಊಹೆ ಸರಿಯೋ ತಪ್ಪೋ ಗೊತ್ತೇ ಆಗುವುದಿಲ್ಲ.

ಮಾತು ಮುಗಿದ ಮೇಲೆ ಹಾಸನದ ಕಡೆಯ ಒಬ್ಬ ಹುಡುಗಿ ಕೇಳಿದ್ದು ಇದು. "ಸರ್, ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಅಲ್ಲಿ ಇಂಗ್ಲಿಷ್‌ನಲ್ಲಿ ಕೇಳೋಕೆ ಭಯ ಆಗುತ್ತೆ. ತಪ್ಪಾದ್ರೆ ನಗ್ತಾರೇನೋ ಅಂತ ಬರೆದು ಬರೆದು ಅಳಿಸ್ತೀನಿ."

ನಾನು ಹೇಳಿದೆ, ಅಮ್ಮಾ, ಅಲ್ಲಿ ಉತ್ತರ ಕೊಡುವವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ಅವರು ವ್ಯಾಕರಣ ನೋಡುವುದಿಲ್ಲ, ಎರರ್ ನೋಡುತ್ತಾರೆ. ಅದನ್ನು ಸರ್ವರ್ ಆಗಲೇ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದೆ. ನೀನು ಬರೆಯಬೇಕಾದ್ದು ನಾಲ್ಕು ಮಾತು. ಬೇಕಿದ್ದರೆ ಕನ್ನಡದಲ್ಲೇ ಬರೆದುಕೋ, ಆಮೇಲೆ ಒಂದೊಂದಾಗಿ ಇಂಗ್ಲಿಷಿಗೆ ತಾ. ಈಗಲೇ ಬರೆಯೋಣ ಬಾ ಅಂತ ಅವಳ ಲ್ಯಾಪ್‌ಟಾಪ್ ತೆಗೆಸಿದೆ. ಅವಳು ಬರೆದದ್ದು ಹೀಗಿತ್ತು.

"ಉಬುಂಟು 24.04. ಪೋಸ್ಟ್‌ಗ್ರೆಸ್ 16. ಅದೇ ಮೆಷಿನ್ನಿನಿಂದ ಪಿಎಸ್‌ಕ್ಯುಎಲ್ ಓಡಿಸಿದೆ, ಯೂಸರ್ ಪೋಸ್ಟ್‌ಗ್ರೆಸ್. ಬಂದ ಎರರ್: ಪೀರ್ ಅಥೆಂಟಿಕೇಶನ್ ಫೇಲ್ಡ್ ಫಾರ್ ಯೂಸರ್ ಪೋಸ್ಟ್‌ಗ್ರೆಸ್. ಪಾಸ್‌ವರ್ಡ್ ಕೇಳುವುದೇ ಇಲ್ಲ. ನನಗೆ ಬೇಕಿರುವುದು ನನ್ನ ಆ್ಯಪ್‌ಗೆ ಒಂದು ಡೇಟಾಬೇಸ್ ಮಾಡುವುದು."

ಆ ಕೊನೆಯ ಸಾಲು ನೋಡಿ. ಏನು ಕೆಟ್ಟಿದೆ ಅನ್ನುವುದರ ಜೊತೆ ಕೊನೆಗೆ ತನಗೆ ಏನು ಬೇಕು ಅನ್ನುವುದನ್ನೂ ಹೇಳಿದ್ದಾಳೆ. ಬಹಳ ಅನುಭವ ಇರುವವರೂ ಅದನ್ನು ಬಿಟ್ಟುಬಿಡುತ್ತಾರೆ. ಪಿಎಸ್‌ಕ್ಯುಎಲ್ ಅಂದರೆ ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಂ. ಪೀರ್ ಅಂದರೆ ಪಾಸ್‌ವರ್ಡ್ ಬೇಡ, ನೀನು ಲಿನಕ್ಸಿಗೆ ಯಾವ ಹೆಸರಿನಲ್ಲಿ ಬಂದಿದ್ದೀಯೋ ಅದೇ ಹೆಸರಿನಲ್ಲಿ ಡೇಟಾಬೇಸಿಗೆ ಬಾ ಅಂತ. ಅವಳು ಲಿನಕ್ಸಿನಲ್ಲಿ ತನ್ನ ಹೆಸರಿನಲ್ಲಿದ್ದಳು. ಸುಡೋ ಹಾಕಿ ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ಪಿಎಸ್‌ಕ್ಯುಎಲ್ ಓಡಿಸು ಅಂತ ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗನೇ ಹೇಳಿಕೊಟ್ಟ. ಒಳಗೆ ಹೋಯಿತು. ಅವಳು ಹೊಸ ಬಳಕೆದಾರರನ್ನು ಮಾಡುವ ಕ್ರಿಯೇಟ್ ರೋಲ್ ಅಂತ ಟೈಪ್ ಮಾಡಲು ಶುರು ಮಾಡಿದಳು, ನಾವು ಪಕ್ಕಕ್ಕೆ ಸರಿದೆವು.